ಟ್ವಿನ್ ಪೀಕ್ಸ್ ಕೊನೆಯ ಕಂತು: ಕೂಪರ್ ಹೋಗಿ ತಲುಪಿದ್ದು ಎಲ್ಲಿಗೆ?

ಕೆಂಪುಪರದೆ

ಮೊದಲೇ ಎಚ್ಚರಿಕೆ: ಅಮೆರಿಕದ ಟೀವಿ ಸರಣಿ ‘ಟ್ವಿನ್ ಪೀಕ್ಸ್’ನ ಮೂರೂ ಸೀಸನ್‌ಗಳನ್ನು, ಜೊತೆಗೆ 1992ರ ಸಿನಿಮಾವನ್ನು ನೋಡದವರು ಇಲ್ಲಿಂದಲೇ ಹಿಂದಿರುಗುವುದು ಒಳ್ಳೆಯದು. ಯಾವ ಗುಟ್ಟನ್ನೂ ಉಳಿಸುವ ಉದ್ದೇಶ ನನಗಿಲ್ಲ.

2017ರ ಸೀಸನ್ ಮತ್ತೆ ನೋಡಿ ಮುಗಿಸಿದೆ, ಮತ್ತೆ ನಿದ್ದೆಗೆಟ್ಟೆ. ಹದಿನೇಳನೆಯ ಕಂತಿನ ನಡುವೆಯೇ ಕಥೆ ಮುಗಿದಂತಾಗುತ್ತದೆ. ಎಫ್‌ಬಿಐ ಅಧಿಕಾರಿ ಕೂಪರ್‌ನ ರೂಪ ಹೊತ್ತ ದುಷ್ಟನನ್ನು ಪೊಲೀಸ್ ಠಾಣೆಯ ಲೂಸಿ ಗುಂಡಿಟ್ಟು ಕೆಡವುತ್ತಾಳೆ, ಹಸಿರು ಗ್ಲೌಸಿನ ಹುಡುಗ ದುಷ್ಟಶಕ್ತಿ ಬಾಬ್‌ನನ್ನು ಗುದ್ದಿ ಚೂರು ಮಾಡುತ್ತಾನೆ, ಠಾಣೆಯಲ್ಲಿ ಎಲ್ಲರೂ ಸೇರುತ್ತಾರೆ. ‘ಶುಭಂ’ ಎಂದು ಬರೆಯಬಹುದಿತ್ತು. ಆದರೆ ನಮ್ಮ ಕೂಪರ್ ಅಲ್ಲಿಗೆ ನಿಲ್ಲದೆ 1989ರ ಫೆಬ್ರುವರಿ 23ರ ರಾತ್ರಿಗೆ ಹೋಗಿ, ಕೊಲೆಯಾಗಲಿದ್ದ ಹುಡುಗಿ ಲಾರಾ ಪಾಮರ್‌ಳ ಕೈ ಹಿಡಿದು ಕಾಡಿನ ದಾರಿಯಲ್ಲಿ ಕರೆತರುತ್ತಾನೆ. ಮರುದಿನ ಬೆಳಿಗ್ಗೆ ದಡದಲ್ಲಿ ಶವವಿಲ್ಲ, ಮೊದಲು ಆ ಶವವನ್ನು ಕಂಡಿದ್ದ ಪೀಟ್ ಈಗ ನಿಶ್ಚಿಂತೆಯಿಂದ ಮೀನು ಹಿಡಿಯಲು ಹೊರಡುತ್ತಾನೆ. ಆದರೆ ಕೈಯಲ್ಲಿದ್ದ ಲಾರಾ ಕಿರುಚಿ ಮಾಯವಾಗುತ್ತಾಳೆ.

ಆಮೇಲೆ ಹದಿನೆಂಟನೆಯ ಕಂತು. ಕೂಪರ್ ಮತ್ತು ಅವನ ಹಳೆಯ ಕಾರ್ಯದರ್ಶಿ ಡಯಾನ್ 430 ಮೈಲಿ ಕಾರು ಓಡಿಸಿ ಏನನ್ನೋ ದಾಟುತ್ತಾರೆ. ಮೋಟೆಲಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಎದ್ದರೆ ಡಯಾನ್ ಇಲ್ಲ. ಲಿಂಡಾ ಎಂಬವಳು ರಿಚರ್ಡ್ ಎಂಬವನಿಗೆ ಬರೆದ ಚೀಟಿ ಇದೆ. ಹೊರಗೆ ಬಂದರೆ ಮೋಟೆಲೂ ಬೇರೆ, ಕಾರೂ ಬೇರೆ. ಟೆಕ್ಸಸ್‌ನ ಒಡೆಸ್ಸಾದಲ್ಲಿ ಲಾರಾಳ ಮುಖದ ಹೆಂಗಸೊಬ್ಬಳು ಸಿಗುತ್ತಾಳೆ, ಹೆಸರು ಕ್ಯಾರಿ ಪೇಜ್. ಅವಳನ್ನು ರಾತ್ರಿಯಿಡೀ ಕಾರಿನಲ್ಲಿ ಕೂರಿಸಿಕೊಂಡು ಬಂದು ಪಾಮರ್ ಕುಟುಂಬದ ಮನೆಯ ಬಾಗಿಲು ತಟ್ಟಿದರೆ ಅಲ್ಲಿರುವವರು ಯಾರೋ. “ಇದು ಯಾವ ಇಸವಿ?” ಎಂದು ಕೂಪರ್ ಕೇಳುತ್ತಾನೆ. ಮನೆಯೊಳಗಿಂದ ಲಾರಾಳ ತಾಯಿ ಸಾರಾಳ ದನಿ ‘ಲಾರಾ’ ಎಂದು ಕೂಗುತ್ತದೆ, ಕ್ಯಾರಿ ಕಿರುಚುತ್ತಾಳೆ, ದೀಪಗಳು ಆರುತ್ತವೆ. ಅಷ್ಟೇ.

ನನ್ನ ವಾದ: ಇದು ಸೋಲಲ್ಲ, ಗೆಲುವು. ಈ ಸೀಸನ್‌ನ ಮೊದಲ ಕಂತಿನ ಆರಂಭದಲ್ಲಿಯೇ ಬೇರೆ ಲೋಕದ ದೈತ್ಯ ಫೈರ್‌ಮನ್ ಕೂಪರ್‌ಗೆ ಸುಳಿವು ಕೊಟ್ಟಿದ್ದಾನೆ: 430, ರಿಚರ್ಡ್ ಮತ್ತು ಲಿಂಡಾ, ಒಂದೇ ಕಲ್ಲಿಗೆ ಎರಡು ಹಕ್ಕಿ. ಅಂದರೆ ಎಲ್ಲವೂ ಯೋಜನೆಯಂತೆಯೇ ನಡೆದಿದೆ. ಕೂಪರ್ ದಾಟಿ ಹೋದ ಆ ಬೇರೆ ಲೋಕ ಜೂಡಿ ಎಂಬ ದುಷ್ಟಶಕ್ತಿಯನ್ನು ಹಿಡಿಯಲು ಒಡ್ಡಿದ ಬೋನು. ಎಂಟನೆಯ ಕಂತಿನಲ್ಲಿ ಹೊಳೆಯುವ ಗೋಳದೊಳಗೆ ಭೂಮಿಗೆ ಕಳುಹಿಸಿದ ಲಾರಾಳೇ ಅಸ್ತ್ರ. ಅವಳ ಕಿರುಚಾಟಕ್ಕೆ ಮನೆಯ ವಿದ್ಯುತ್ ಹೋಗುತ್ತದೆ, ಜೂಡಿ ಸಾಯುತ್ತದೆ. ಒಪ್ಪುತ್ತೀರಾ?

ಒಂದೇಸಾಲು

ಕೂಪರ್ ತಲುಪಿದ್ದು ತಪ್ಪು ವಿಳಾಸಕ್ಕೆ.

ಪ್ರಶ್ನಾರ್ಥಕ

ಒಪ್ಪುವುದಿಲ್ಲ. ಯೋಜನೆ ಹಾಕಿ ಬಂದವನು ಕೊನೆಯಲ್ಲಿ ನಡುಬೀದಿಯಲ್ಲಿ ಎರಡು ಹೆಜ್ಜೆ ತಡವರಿಸಿ ಇಸವಿ ಕೇಳುತ್ತಾನೆಯೇ? ಅವನ ಮುಖ ನೋಡಿ. ಗೆದ್ದವನ ಮುಖವಲ್ಲ ಅದು.

ಇನ್ನು ವಿದ್ಯುತ್ ಹೋಯಿತು ಎಂದರೆ ಭೂತ ಸತ್ತಿತು ಎನ್ನುವ ಲೆಕ್ಕ ಹಿಡಿದರೆ, ನಮ್ಮ ಬಡಾವಣೆಯಲ್ಲಿ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಭೂತಗಳು ಸಾಯುತ್ತವೆ.

ಬೆಣ್ಣೆದೋಸೆ

ಪ್ರಶ್ನಾರ್ಥಕ ಅವರೇ, ನಗುವುದಕ್ಕೆ ಚೆನ್ನಾಗಿದೆ, ಆದರೆ ಈ ಕಥೆಯಲ್ಲಿ ವಿದ್ಯುತ್ತೇ ವಾಹನ. ‘ಬ್ಲ್ಯಾಕ್ ಲಾಡ್ಜ್’ ಎಂಬ ಕಪ್ಪು ಲೋಕದಲ್ಲಿ ಸಿಕ್ಕಿಬಿದ್ದಿದ್ದ ಕೂಪರ್ ಈ ಲೋಕಕ್ಕೆ ಮರಳಿದ್ದು ಗೋಡೆಯ ಸಾಕೆಟ್ಟಿನ ಮೂಲಕ. ಮತ್ತೆ ಎಚ್ಚರಾಗಿದ್ದು ಸಾಕೆಟ್ಟಿಗೆ ಫೋರ್ಕ್ ಚುಚ್ಚಿದ ಮೇಲೆ. 6ನೇ ನಂಬರಿನ ಕರೆಂಟ್ ಕಂಬ ನೆನಪಿದೆಯೇ? ಮಗುವಿನ ಮೇಲೆ ಟ್ರಕ್ ಹರಿದ ಜಾಗದಲ್ಲಿ ಇರುವುದು ಅದೇ, ಸಿನಿಮಾದಲ್ಲಿ ಬರುವ ಗಾಡಿಮನೆಗಳ ಟ್ರೇಲರ್ ಪಾರ್ಕಿನಲ್ಲಿ ಇದ್ದದ್ದೂ ಅದೇ. ಒಡೆಸ್ಸಾದಲ್ಲಿ ಕ್ಯಾರಿಯ ಮನೆಯ ಮುಂದೆಯೂ ಅದೇ ಕಂಬ ನಿಂತಿದೆ. ಅಷ್ಟು ದೂರದ ಊರಿಗೆ ಆ ಕಂಬ ಹೇಗೆ ಬಂತು? ಆ ಲೋಕ ಕಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಾನು ಕೆಂಪುಪರದೆಯವರ ಕಡೆ.

ಪ್ರಶ್ನಾರ್ಥಕ

ಕಟ್ಟಿದ್ದು ಎಂದು ಒಪ್ಪೋಣ. ಫೈರ್‌ಮನ್ ಕಟ್ಟಿದ್ದೋ ಜೂಡಿ ಕಟ್ಟಿದ್ದೋ? ಕ್ಯಾರಿ ಕೆಲಸ ಮಾಡುವ ಹೋಟೆಲಿನ ಹೆಸರೇ ‘ಜೂಡೀಸ್’. ಬಾಗಿಲು ತೆಗೆದ ಹೆಂಗಸು ತನ್ನ ಹೆಸರು ಆಲಿಸ್ ಟ್ರೆಮಂಡ್ ಎನ್ನುತ್ತಾಳೆ, ಮನೆ ಮಾರಿದವಳು ಚಾಲ್‌ಫಾಂಟ್ ಎನ್ನುತ್ತಾಳೆ. ಈ ಎರಡೂ ಹೆಸರುಗಳು ಹಳೆಯ ಸೀಸನ್‌ನಲ್ಲಿಯೂ ಸಿನಿಮಾದಲ್ಲಿಯೂ ಕಪ್ಪು ಲೋಕಕ್ಕೆ ಸೇರಿದ ಆ ಮುದುಕಿಯವು. ಬೋನು ಇತ್ತು ನಿಜ, ಅದರೊಳಗೆ ಸಿಕ್ಕಿಬಿದ್ದವನು ಕೂಪರ್.

ಹರಿಹರಪುರದವ

ಎಲ್ಲರೂ ಕಂಬ ಎಣಿಸುತ್ತಿದ್ದೀರಿ, ಹದಿನಾಲ್ಕನೆಯ ಕಂತಿನ ಮಾತನ್ನು ಮರೆತಿದ್ದೀರಿ. ಕೂಪರ್‌ನ ಮೇಲಧಿಕಾರಿ ಗಾರ್ಡನ್ ಕೋಲ್ ತನ್ನ ಕನಸನ್ನು ಹೇಳುವಾಗ ಬರುವ ಮಾತು: ಕನಸು ಕಂಡು, ಆಮೇಲೆ ಆ ಕನಸಿನೊಳಗೇ ಬದುಕುವವನಂತೆ ನಾವು, ಆದರೆ ಕನಸು ಕಾಣುತ್ತಿರುವವರು ಯಾರು? ಕೋಲ್ ಪಾತ್ರ ಮಾಡಿದ್ದು ಸ್ವತಃ ಸರಣಿಯ ನಿರ್ದೇಶಕ ಡೇವಿಡ್ ಲಿಂಚ್ ಎಂಬುದನ್ನು ನೆನಪಿಡಿ.

ಇದು ಅವರ ಸ್ವಂತ ಮಾತಲ್ಲ. ಉಪನಿಷತ್ತಿನದೆಂದು ಹೇಳಿ, ಜೇಡದ ಉಪಮೆಯ ಜೊತೆಗೆ, ತಮ್ಮ ಹಿಂದಿನ ಸಿನಿಮಾದ ಪ್ರದರ್ಶನಗಳಲ್ಲಿಯೂ ಅವರು ಇದನ್ನು ಓದುತ್ತಿದ್ದರು. ಜೇಡ ತನ್ನೊಳಗಿನಿಂದಲೇ ನೂಲು ತೆಗೆಯುವ ಮಾತು ಮುಂಡಕದಲ್ಲಿದೆ. ಕನಸಿನಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಎಲ್ಲವನ್ನೂ ಅವನೇ ಸೃಷ್ಟಿಸಿಕೊಳ್ಳುತ್ತಾನೆ ಎಂಬುದು ಬೃಹದಾರಣ್ಯಕದಲ್ಲಿದೆ. 1973ರಿಂದ ಮಹರ್ಷಿ ಮಹೇಶ ಯೋಗಿಯವರ ಧ್ಯಾನ ಪದ್ಧತಿ ಹಿಡಿದ ಮನುಷ್ಯ, 2005ರಲ್ಲಿ ಅದಕ್ಕಾಗಿಯೇ ಪ್ರತಿಷ್ಠಾನ ಕಟ್ಟಿದವರು. ಅವರ ಕಥೆಯನ್ನು ಪತ್ತೇದಾರಿ ಕಣ್ಣಿನಿಂದ ನೋಡಿದರೆ ದಕ್ಕುವುದಿಲ್ಲ.

ಪ್ರಶ್ನಾರ್ಥಕ

ಬಂತು ನೋಡಿ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರು ಇನ್ನೂ ಯಾಕೆ ಬಂದಿಲ್ಲ ಎಂದು ಕಾಯುತ್ತಿದ್ದೆ.

ಸ್ವಾಮಿ, ‘ಎಲ್ಲ ಕನಸು’ ಎಂದು ಹೇಳಿಬಿಟ್ಟರೆ ಯಾವ ಕಥೆಯನ್ನು ಬೇಕಾದರೂ ಮುಗಿಸಬಹುದು. ಬರೆದವನ ಹೊಣೆಯೂ ಮುಗಿಯುತ್ತದೆ, ನೋಡುವವನ ಹೊಣೆಯೂ ಮುಗಿಯುತ್ತದೆ. ಒಬ್ಬ ಹುಡುಗಿಯ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆಯಿತು, ಅದೂ ಕನಸು ಎನ್ನುವಿರಾ?

ಹರಿಹರಪುರದವ

ಕನಸು ಎಂದರೆ ಸುಳ್ಳು ಎಂದು ನಾನೆಲ್ಲಿ ಹೇಳಿದೆ? ಯೋಗವಾಸಿಷ್ಠದ ಲವಣರಾಜನ ಕಥೆ ಕೇಳಿ. ಆಸ್ಥಾನಕ್ಕೆ ಬಂದ ಇಂದ್ರಜಾಲದವನು ನವಿಲುಗರಿಯ ಕುಂಚ ಬೀಸುತ್ತಾನೆ, ರಾಜ ಕುಳಿತಲ್ಲೇ ಮೈಮರೆಯುತ್ತಾನೆ. ಆ ಸ್ವಲ್ಪ ಹೊತ್ತಿನಲ್ಲಿ ಎಲ್ಲೋ ಕಾಡಿನ ಕೇರಿಯಲ್ಲಿ ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕನಾಗಿ, ಬರಗಾಲದಲ್ಲಿ ನರಳಿದ ಅನುಭವವಾಗುತ್ತದೆ. ಎಚ್ಚರವಾದರೆ ಅದೇ ಸಿಂಹಾಸನ. ಸುಮ್ಮನಿರಲಾರದೆ ಆ ಕಾಡನ್ನು ಹುಡುಕಿಕೊಂಡು ವಿಂಧ್ಯದ ಕಡೆಗೆ ಹೋಗುತ್ತಾನೆ. ಅಲ್ಲಿ ಆ ಕೇರಿ ಇದೆ! ಕನಸಿನ ಅತ್ತೆ, ಆ ಮುದುಕಿ, ಕಳೆದುಹೋದ ಮಗಳನ್ನು ನೆನೆದು ಅಳುತ್ತಾ ಕುಳಿತಿದ್ದಾಳೆ.

ಕನಸು ಕಂಡವನು ಎದ್ದು ಹೋಗಬಹುದು, ಕನಸಿನೊಳಗಿನ ಸಂಕಟ ಎದ್ದು ಹೋಗುವುದಿಲ್ಲ. ಈಗ ಕೊನೆಯ ದೃಶ್ಯಕ್ಕೆ ಬನ್ನಿ. ಬೇರೆ ಊರು, ಬೇರೆ ಹೆಸರು, ಬೇರೆ ಇಸವಿ. ಮನೆಯೊಳಗಿಂದ ತಾಯಿಯೊಬ್ಬಳು ಮಗಳನ್ನು ಕೂಗುತ್ತಿದ್ದಾಳೆ. ಲಿಂಚ್ ಈ ಕಥೆಯನ್ನು ಓದಿದ್ದರು ಎನ್ನುತ್ತಿಲ್ಲ. ಓದಿದ ನನಗೆ ಆ ಕೂಗು ಹೊಸದೆನಿಸಲಿಲ್ಲ, ಅಷ್ಟೇ.

ಕೆಂಪುಪರದೆ

ರಾಯರೇ, ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ವಾದಕ್ಕೆ ಪೆಟ್ಟು ಕೊಡುವಂತಿದ್ದರೂ ಚೆನ್ನಾಗಿದೆ.

ಕಾಫಿಬೀಜ

ಇಷ್ಟೆಲ್ಲ ಬೇಕಿಲ್ಲ. ಹದಿನೆಂಟನೆಯ ಕಂತಿನಲ್ಲಿ ಒಡೆಸ್ಸಾದ ಹೋಟೆಲಿನಲ್ಲಿ ಕೂಪರ್ ಕಾಫಿ ಕೇಳುತ್ತಾನೆ, ಕಾಫಿಯ ಬಗ್ಗೆ ಒಂದು ಒಳ್ಳೆಯ ಮಾತಾಡುವುದಿಲ್ಲ. 1990ರಲ್ಲಿ ಒಂದು ಲೋಟ ಕಾಫಿಗೆ ಕಣ್ಣು ಮುಚ್ಚಿ ಹಾಡಿ ಹೊಗಳುತ್ತಿದ್ದ ಮನುಷ್ಯ. ಅವನು ಕೂಪರ್ ಅಲ್ಲ, ರಿಚರ್ಡ್. ಕೇಸು ಮುಗಿಯಿತು.

ಒಂದೇಸಾಲು

ಅಮೆರಿಕದ ಹೆದ್ದಾರಿ ಹೋಟೆಲಿನ ಕಾಫಿ ಕುಡಿದರೆ ಯಾರೂ ಹೊಗಳುವುದಿಲ್ಲ.

ಮಳೆಯೂರು

ನಾನು ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿರುವುದರಿಂದ ಎರಡು ಮಾತು. ಸರಣಿಯ ‘ಡಬಲ್ ಆರ್’ ಹೋಟೆಲು ನಾರ್ತ್ ಬೆಂಡ್ ಎಂಬ ಊರಿನಲ್ಲಿದೆ. 2000ದಲ್ಲಿ ಬೆಂಕಿಗೆ ಸಿಕ್ಕಿ ಒಳಗೆಲ್ಲ ಬದಲಾಗಿತ್ತು, 2015ರ ಚಿತ್ರೀಕರಣಕ್ಕಾಗಿ ಹಳೆಯ ರೂಪಕ್ಕೆ ತಂದರು. ಚೆರಿ ಪೈ ತಿಂದೆ, ಹೆಚ್ಚು ಸಿಹಿ. ಶೀರ್ಷಿಕೆಯಲ್ಲಿ ಕಾಣುವುದು ಸ್ನೋಕ್ವಾಲ್ಮಿ ಜಲಪಾತ. ಊರಿನಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಅಪ್ಪ ನೋಡಿ, “ಜೋಗದ ಮುಂದೆ ಇದೇನು” ಎಂದರು.

ವಿಷಯಕ್ಕೆ ಬರುತ್ತೇನೆ. ಪಾಮರ್ ಕುಟುಂಬದ ಮನೆ ಇರುವುದು ಎವರೆಟ್‌ನಲ್ಲಿ. ಕೊನೆಯ ದೃಶ್ಯದಲ್ಲಿ ಬಾಗಿಲು ತೆಗೆಯುವ ಆಲಿಸ್ ಟ್ರೆಮಂಡ್ ಪಾತ್ರ ಮಾಡಿದ್ದು ನಟಿಯಲ್ಲ, ನಿಜಜೀವನದಲ್ಲಿ ಆ ಮನೆಯ ಒಡತಿ! ಹೀಗಾಗಿ ಇಲ್ಲಿನ ಅಭಿಮಾನಿಗಳಲ್ಲಿ ಒಂದು ಗುಂಪು ಗಟ್ಟಿಯಾಗಿ ನಂಬುವುದೇನೆಂದರೆ, ಕೂಪರ್ ದಾಟಿ ಬಂದದ್ದು ನಮ್ಮ ಲೋಕಕ್ಕೆ. ಇಲ್ಲಿ ಲಾರಾ ಎಂಬವಳೇ ಇಲ್ಲ, ಅವಳದೊಂದು ಧಾರಾವಾಹಿ ಮಾತ್ರ ಇದೆ. ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲುವ ದೃಶ್ಯ ನೋಡಿ, ಸಂಗೀತವಿಲ್ಲ, ಮಂಜಿಲ್ಲ, ಯಾರೂ ಒಗಟಾಗಿ ಮಾತಾಡುವುದಿಲ್ಲ. ಬೇಸರ ಹುಟ್ಟಿಸುವಷ್ಟು ನಿಜವಾಗಿದೆ.

ಬೆಣ್ಣೆದೋಸೆ

ತಡೆಯಿರಿ. ಜೋಗದ ಎತ್ತರ 253 ಮೀಟರ್. ಹದಿನೇಳನೆಯ ಕಂತಿನಲ್ಲಿ ಠಾಣೆಯ ಗಡಿಯಾರದ ಮುಳ್ಳು ಮುಂದೆ ಹೋಗಲಾರದೆ ತುಯ್ದಾಡುವ ಹೊತ್ತು 2:53. ಫೈರ್‌ಮನ್‌ನ ಮನೆ ಇರುವುದು ಸಾಗರ ತಾಲೂಕಿನಲ್ಲಿ.

ಕಾಫಿಬೀಜ

ಲಿಂಗನಮಕ್ಕಿಯಿಂದ ವಿದ್ಯುತ್. ಎಲ್ಲವೂ ಕೂಡಿಬಂತು.

ಒಂದೇಸಾಲು

ಇನ್ನು ಮುಂದೆ ‘ಸಾಗರ ಸಿದ್ಧಾಂತ’ ಎಂದು ಕರೆಯೋಣ.

ಪ್ರಶ್ನಾರ್ಥಕ

ನಗುತ್ತಿದ್ದೀರಿ, ಆದರೆ ಉಳಿದ ಸಿದ್ಧಾಂತಗಳೂ ಹುಟ್ಟಿದ್ದು ಹೀಗೆಯೇ. ಎಲ್ಲಿಯೋ ಒಂದು ಸಂಖ್ಯೆ, ಇನ್ನೆಲ್ಲಿಯೋ ಅದೇ ಸಂಖ್ಯೆ. 17 ಮತ್ತು 18ನೇ ಕಂತುಗಳನ್ನು ಏಕಕಾಲಕ್ಕೆ ಅಕ್ಕಪಕ್ಕ ಓಡಿಸಿದರೆ ದೃಶ್ಯಗಳು ಒಂದಕ್ಕೊಂದು ಉತ್ತರ ಕೊಡುತ್ತವೆ ಎಂದು 2017ರಲ್ಲಿ ಗದ್ದಲವೆದ್ದಿತ್ತಲ್ಲ? ಯಾವ ಎರಡು ಕಂತುಗಳನ್ನು ಹಾಗೆ ಓಡಿಸಿದರೂ ಏನಾದರೊಂದು ಹೊಂದುತ್ತದೆ. ಮನುಷ್ಯನ ತಲೆಗೆ ಹೊಂದಿಸುವುದೇ ಕೆಲಸ.

ಸಂಕಲನಮೇಜು

ಕನ್ನಡ ಧಾರಾವಾಹಿಗಳಿಗೆ ಸಂಕಲನ ಮಾಡುವವನು ನಾನು. ತೆರೆಯ ಹಿಂದಿನ ದೃಷ್ಟಿಯಿಂದ ಒಂದಿಷ್ಟು ಹೇಳಬೇಕೆನಿಸಿತು, ಉದ್ದವಾದರೆ ಸಹಿಸಿಕೊಳ್ಳಿ.

ಬಾಬ್ ಹುಟ್ಟಿದ್ದು ಹೇಗೆ ಎಂದು ಗೊತ್ತಿದೆಯಲ್ಲ? ಫ್ರಾಂಕ್ ಸಿಲ್ವಾ ನಟನಾಗಿ ಬಂದವರಲ್ಲ, ಸೆಟ್ ಅಲಂಕಾರದ ಸಿಬ್ಬಂದಿ. ಮೊದಲ ಕಂತಿನ ಚಿತ್ರೀಕರಣದಲ್ಲಿ ಸಾರಾಳ ಹಿಂದಿನ ಕನ್ನಡಿಯಲ್ಲಿ ಅವರ ಪ್ರತಿಬಿಂಬ ಆಕಸ್ಮಿಕವಾಗಿ ಸಿಕ್ಕಿಬಿತ್ತು. ಇನ್ಯಾರೇ ಆಗಿದ್ದರೂ ಇನ್ನೊಂದು ಟೇಕ್ ತೆಗೆಯುತ್ತಿದ್ದರು. ಲಿಂಚ್ ಅದನ್ನೇ ಕಥೆಯ ದುಷ್ಟಶಕ್ತಿ ಮಾಡಿಕೊಂಡರು. 2017ರಲ್ಲಿಯೂ ಹೀಗೆಯೇ. ಎಫ್‌ಬಿಐ ಅಧಿಕಾರಿ ಫಿಲಿಪ್ ಜೆಫ್ರೀಸ್ ಪಾತ್ರದ ಡೇವಿಡ್ ಬೋವಿ 2016ರ ಜನವರಿಯಲ್ಲಿ ತೀರಿಕೊಂಡಿದ್ದರು, ಆ ಪಾತ್ರ ಹಬೆಯುಗುಳುವ ದೈತ್ಯ ಕೆಟಲ್ ಆಯಿತು. ಹಳೆಯ ಕುಳ್ಳ ಮನುಷ್ಯನ ಪಾತ್ರಧಾರಿ ಬರಲಿಲ್ಲ, ಆ ಪಾತ್ರ ಮರವಾಯಿತು. ನೀವು ಕೆಟಲ್‌ನ ತಾತ್ತ್ವಿಕ ಅರ್ಥ ಹುಡುಕುತ್ತೀರಿ, ಅದರ ಹಿಂದೆ ಇರುವುದು ಡೇಟ್ಸ್ ಸಮಸ್ಯೆ ಮತ್ತು ಸಾವು.

ಇನ್ನೊಂದು ಮಾತು. ಕೊಲೆಗಾರ ಯಾರೆಂದು ಹೇಳುವ ಇಷ್ಟ ಲಿಂಚ್‌ಗೂ ಜೊತೆಗೆ ಸರಣಿ ಸೃಷ್ಟಿಸಿದ ಮಾರ್ಕ್ ಫ್ರಾಸ್ಟ್‌ಗೂ ಆರಂಭದಲ್ಲಿ ಇರಲಿಲ್ಲ. ಎಬಿಸಿ ವಾಹಿನಿ ಒತ್ತಾಯಿಸಿತು. 1990ರ ನವೆಂಬರ್ 10ರಂದು ಅದು ಲಾರಾಳ ತಂದೆ ಲೀಲ್ಯಾಂಡ್ ಎಂದು ತೋರಿಸಿದರು. ಅದಾದ ಮೇಲೆ ಸರಣಿಗೆ ಗಾಳಿಯೇ ಇಳಿಯಿತು. ಶನಿವಾರ ರಾತ್ರಿಯ ಸಮಯ, ನಡುವೆ ಕೊಲ್ಲಿ ಯುದ್ಧದ ಸುದ್ದಿಗಾಗಿ ರದ್ದಾದ ಕಂತುಗಳು, 1991ರ ಜೂನ್ 10ಕ್ಕೆ ಮುಕ್ತಾಯ. ಚಿನ್ನದ ಮೊಟ್ಟೆಯ ಕೋಳಿಯನ್ನು ಕೊಲ್ಲಿಸಿದರು ಎಂಬರ್ಥದ ಮಾತನ್ನು ಲಿಂಚ್ ಮುಂದೆ ಬಹಳ ಕಾಲ ಹೇಳುತ್ತಿದ್ದರು. ನಾನು ಕೆಲಸ ಮಾಡಿದ ಒಂದು ಧಾರಾವಾಹಿಯಲ್ಲಿಯೂ ಬುಧವಾರ ಫೋನು ಬಂತು, “ಮುಂದಿನ ಶುಕ್ರವಾರ ಮುಗಿಸಿ” ಎಂದು. ಸತ್ತವಳೆಂದುಕೊಂಡ ಸೊಸೆ ಬದುಕಿದ್ದಾಳೋ ಇಲ್ಲವೋ ಎಂಬುದು ಬರೆದವರಿಗೂ ಗೊತ್ತಾಗದೆ ಹೋಯಿತು. ಉತ್ತರ ಕೊಡು ಎಂದು ಒಮ್ಮೆ ಕೈ ತಿರುಚಿಸಿಕೊಂಡವನು ಎರಡನೆಯ ಅವಕಾಶ ಸಿಕ್ಕಾಗ ಉತ್ತರ ಕೊಡುತ್ತಾನೆಂದು ನಿರೀಕ್ಷಿಸಿದ್ದೇ ನಮ್ಮ ಮುಗ್ಧತೆ.

ಮಳೆಯೂರು

ಇದಕ್ಕೆ ಸರಿಯಾಗಿ ಇನ್ನೊಂದು ಸಿದ್ಧಾಂತವಿದೆ. 2019ರಲ್ಲಿ ಯೂಟ್ಯೂಬ್‌ನಲ್ಲಿ ನಾಲ್ಕೂವರೆ ಗಂಟೆಯ ವಿಡಿಯೊ ಬಂತು. ಸರಣಿಯ ನಿಜವಾದ ವಿಷಯ ಟೀವಿಯೇ ಎಂಬುದು ಅದರ ವಾದ. ಬೆಂಕಿ ಎಂದರೆ ವಿದ್ಯುತ್, ವಿದ್ಯುತ್ ಎಂದರೆ ಟೀವಿ. ಕಪ್ಪು ಲೋಕದವರು ತಿನ್ನುವ ಆ ಜೋಳದ ಗಂಜಿ, ಅಂದರೆ ನೋವು ಮತ್ತು ದುಃಖ, ನಾವು ದಿನವೂ ರಾತ್ರಿ ಊಟದ ಹೊತ್ತಿಗೆ ತಿನ್ನುವ ಕೊಲೆಯ ಕಥೆಗಳು. ಮೊದಲ ಕಂತಿನಲ್ಲಿ ನ್ಯೂಯಾರ್ಕಿನ ಹುಡುಗನೊಬ್ಬ ಸಂಬಳಕ್ಕೆ ಕುಳಿತು ಖಾಲಿ ಗಾಜಿನ ಪೆಟ್ಟಿಗೆಯನ್ನು ನೋಡುತ್ತಿರುತ್ತಾನಲ್ಲ, ಅವನೇ ನಾವು.

ಪ್ರಶ್ನಾರ್ಥಕ

ನಾಲ್ಕೂವರೆ ಗಂಟೆ ವಿವರಿಸಬೇಕಾದ ಕಥೆ ಸೋತ ಕಥೆ.

ಸಂಕಲನಮೇಜು

ಸೋತ ಕಥೆಗೆ ಯಾರೂ ನಾಲ್ಕೂವರೆ ಗಂಟೆ ಕೊಡುವುದಿಲ್ಲ ಸಾರ್. 1990ರಲ್ಲಿಯೇ ಯೂಸ್‌ನೆಟ್ ಎಂಬ ಆಗಿನ ಕಂಪ್ಯೂಟರ್ ಚರ್ಚಾ ಜಾಲದಲ್ಲಿ ಈ ಸರಣಿಗೆಂದು ಗುಂಪಿತ್ತು. ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಒಂದೊಂದೇ ಚೌಕಟ್ಟು ನಿಲ್ಲಿಸಿ ಜಗಳವಾಡುತ್ತಿದ್ದರು. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ, ಬಿಟ್ಟಿಯಾಗಿ.

ನಿರ್ವಾಹಕ

ಒಬ್ಬರು ಖಾಸಗಿ ಸಂದೇಶದಲ್ಲಿ ದೂರು ಕೊಟ್ಟಿದ್ದಾರೆ, ಎರಡನೆಯ ಸೀಸನ್ ನೋಡುತ್ತಿದ್ದಾರಂತೆ, ಕೊಲೆಗಾರನ ಹೆಸರು ಇಲ್ಲಿ ಗೊತ್ತಾಯಿತಂತೆ. ಮೊದಲ ಸಾಲಿನಲ್ಲಿಯೇ ಎಚ್ಚರಿಕೆ ಇದೆ. 1990ರ ಗುಟ್ಟನ್ನು ಕಾಯುವುದು ನಮ್ಮಿಂದಾಗದು.

ಅರ್ಧಚಂದ್ರ

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಕಂಬ, ಗಡಿಯಾರ, ಕೆಟಲ್ ಎಲ್ಲ ಆಯಿತು. ಲಾರಾಳ ಬಗ್ಗೆ ಪ್ರಶ್ನಾರ್ಥಕ ಅವರ ಒಂದು ಸಾಲು ಬಿಟ್ಟರೆ ಯಾರೂ ಮಾತಾಡಿಲ್ಲ. ಅವಳನ್ನು ಅಸ್ತ್ರ ಎಂದವರಿದ್ದಾರೆ, ಕನಸು ಎಂದವರಿದ್ದಾರೆ.

ಸಿನಿಮಾವನ್ನು ನೆನಪಿಸಿಕೊಳ್ಳಿ. ಲಾರಾಳ ಕೊನೆಯ ರಾತ್ರಿ ಬಾಬ್ ಅವಳೊಳಗೆ ನುಗ್ಗಲು ನೋಡುತ್ತಾನೆ. ಅವಳು ಕಪ್ಪು ಲೋಕದ ಆ ಹಸಿರು ಉಂಗುರ ತೊಡುತ್ತಾಳೆ. ಸಾಯುತ್ತಾಳೆ, ಆದರೆ ಅವನಿಗೆ ಸಿಗುವುದಿಲ್ಲ. ಆ ಬೇರೆ ಲೋಕದ ಕೆಂಪು ಕೋಣೆಯಲ್ಲಿ ದೇವತೆಯನ್ನು ಕಂಡು ಅತ್ತು ನಗುತ್ತಾಳೆ, ಪಕ್ಕದಲ್ಲಿ ಕೂಪರ್ ನಿಂತಿದ್ದಾನೆ. ಅಂದರೆ ಅವಳ ಕಥೆ ಅವಳಿಂದಲೇ ಮುಗಿದಿತ್ತು. ಭಯಂಕರವಾಗಿ ಮುಗಿದಿತ್ತು, ಆದರೆ ಅವಳದಾಗಿ ಮುಗಿದಿತ್ತು. ಇಪ್ಪತ್ತೈದು ವರ್ಷದ ಮೇಲೆ ಒಬ್ಬ ಸೂಟುಧಾರಿ ಬಂದು, ಅವಳನ್ನು ಒಂದು ಮಾತೂ ಕೇಳದೆ, ಕೈ ಹಿಡಿದು ‘ಮನೆಗೆ ಹೋಗೋಣ’ ಎನ್ನುತ್ತಾನೆ. ಯಾವ ಮನೆಗೆ? ಅಪ್ಪ ಇರುವ ಮನೆಗೆ. ಅವಳ ಮೇಲೆ ಎಲ್ಲವೂ ನಡೆದದ್ದು ಆ ಮನೆಯಲ್ಲಿ, ಸೀಲಿಂಗ್ ಫ್ಯಾನಿನ ಕೆಳಗೆ. ಎಲ್ಲರೂ ಕೂಪರ್‌ನನ್ನು ಒಳ್ಳೆಯವನೆನ್ನುತ್ತೀರಿ, ಒಳ್ಳೆಯವನೇ. ಆದರೂ ಅವನು ಆ ಹುಡುಗಿಯನ್ನು ಕರೆದುಕೊಂಡು ಹೊರಟದ್ದು ಅಪರಾಧದ ಜಾಗಕ್ಕೆ, ಒಂದಲ್ಲ, ಎರಡು ಸಲ.

ನಾನು ಕೆಲವು ವರ್ಷ ಮಕ್ಕಳ ಸಹಾಯವಾಣಿಯೊಂದರಲ್ಲಿ ಕೆಲಸ ಮಾಡಿದವಳು. ಊರು ಬದಲಿಸಿದರು, ಶಾಲೆ ಬದಲಿಸಿದರು, ಕೆಲವರು ಹೆಸರನ್ನೂ ಬದಲಿಸಿದರು. ‘ಆಗಿದ್ದು ಆಗೇ ಇಲ್ಲ ಅಂದುಕೋ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಕ್ಯಾರಿ ಪೇಜ್ ಹಾಗೆ ಬದುಕುತ್ತಿದ್ದವಳು. ಏನೂ ನೆನಪಿಲ್ಲ, ಆದರೂ ಬದುಕು ಹಳಿಯ ಮೇಲಿಲ್ಲ. ಒಂದು ಕೂಗು ಸಾಕಾಯಿತು. ಅವಳ ಕಿರುಚಾಟದಲ್ಲಿ ನನಗೆ ಗೆಲುವೂ ಕೇಳಿಸಲಿಲ್ಲ, ಜೂಡಿಯೂ ಕೇಳಿಸಲಿಲ್ಲ. ನೆನಪು ಬಂದದ್ದು ಕೇಳಿಸಿತು.

ಕೆಂಪುಪರದೆ

ಮೇಡಂ, ನೀವು ಹೇಳಿದ್ದು ಭಾವದ ಮಟ್ಟದಲ್ಲಿ ಸರಿ. ಆದರೆ ಫೈರ್‌ಮನ್‌ನ ಸುಳಿವುಗಳನ್ನು ಏನು ಮಾಡುವುದು? 430 ಎಂದು ಅವನೇ ಹೇಳಿದ್ದಾನೆ. ಕೂಪರ್ ತನ್ನ ಇಚ್ಛೆಯಿಂದ ಹೋಗಿದ್ದರೆ ಅದು ಅಹಂಕಾರ, ಕಳುಹಿಸಿದ್ದರೆ ಕರ್ತವ್ಯ.

ಅರ್ಧಚಂದ್ರ

‘ನೆನಪಿಟ್ಟುಕೋ’ ಎಂದು ಹೇಳಿದ್ದಾನೆ. ‘ಹೋಗು’ ಎಂದು ಎಲ್ಲಿ ಹೇಳಿದ್ದಾನೆ? ಅದೇ ದೃಶ್ಯದಲ್ಲಿ ‘ಅದು ಈಗ ನಮ್ಮ ಮನೆಯಲ್ಲಿದೆ’ ಎಂದೂ ಹೇಳುತ್ತಾನೆ. ನೀವು ಅದನ್ನು ಕಾರ್ಯಸೂಚಿಯಾಗಿ ಓದುತ್ತೀರಿ, ನನಗೆ ಎಚ್ಚರಿಕೆಯಾಗಿ ಕೇಳುತ್ತದೆ.

ಮೋಟೆಲಿನ ದೃಶ್ಯವನ್ನೂ ಇನ್ನೊಮ್ಮೆ ನೋಡಿ. ಡಯಾನ್ ತನ್ನ ಎರಡೂ ಅಂಗೈಗಳಿಂದ ಕೂಪರ್‌ನ ಮುಖ ಮುಚ್ಚುತ್ತಾಳೆ. ಅದೇ ಮುಖದ ದುಷ್ಟ ಕೂಪರ್ ಹಿಂದೆ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವಳು ಆ ಮುಖ ನೋಡಲಾರಳು, ಇವನಿಗೆ ಅದು ತಿಳಿಯುವುದೇ ಇಲ್ಲ. ಬೆಳಿಗ್ಗೆ ಅವಳು ಬಿಟ್ಟು ಹೋದದ್ದರಲ್ಲಿ ಒಗಟೇನಿದೆ?

ಬೆಣ್ಣೆದೋಸೆ

ಈ ದೃಷ್ಟಿಯಿಂದ ನೋಡಿಯೇ ಇರಲಿಲ್ಲ. ಆದರೂ ಕಂಬವನ್ನು ಬಿಟ್ಟುಕೊಡಲಾರೆ.

ಹರಿಹರಪುರದವ

ಅರ್ಧಚಂದ್ರ ಅವರು ಹೇಳಿದ್ದಕ್ಕೆ ಒಂದು ಪೂರಕ ವಿವರ. ಮಾರ್ಕ್ ಫ್ರಾಸ್ಟ್ 2017ರಲ್ಲಿಯೇ ಕಡತದ ರೂಪದಲ್ಲಿ ಒಂದು ಪುಸ್ತಕ ಬರೆದರು. ಕೂಪರ್ ಹಳೆಯ ಕಾಲವನ್ನು ತಿದ್ದಿದ ಮೇಲೆ ಆ ಊರಿನ ಪತ್ರಿಕೆಯಲ್ಲಿ ಲಾರಾ ಕೊಲೆಯಾದಳೆಂದು ಇಲ್ಲ, ಕಾಣೆಯಾದಳೆಂದು ಇದೆ. ಆದರೆ ಲೀಲ್ಯಾಂಡ್ ಒಂದು ವರ್ಷದ ನಂತರ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ಸಾರಾ ಒಂಟಿಯಾಗಿ ಕುಡಿತಕ್ಕೆ ಬೀಳುತ್ತಾಳೆ. ಶವವೊಂದು ಅಳಿಸಿತು, ಆ ಮನೆಯ ಪಾಪ ಅಳಿಸಲಿಲ್ಲ. ಎಂಟನೆಯ ಕಂತಿನಲ್ಲಿ, 1956ರಲ್ಲಿ ನಡೆಯುವ ದೃಶ್ಯದಲ್ಲಿ, ಕಪ್ಪೆಯಂಥ ಆ ಹುಳು ಬಾಯಿಯೊಳಗೆ ಇಳಿದದ್ದು ಬಾಲಕಿ ಸಾರಾಳಿಗೆ ಎಂಬ ಸೂಚನೆಯೂ ಅದರಲ್ಲಿಯೇ ಇದೆ.

ಪ್ರಶ್ನಾರ್ಥಕ

ಪುಸ್ತಕ ಫ್ರಾಸ್ಟ್‌ನದು, ಲಿಂಚ್‌ನದಲ್ಲ. ತೆರೆಯ ಮೇಲೆ ಇಲ್ಲದ್ದು ಸಾಕ್ಷಿಯಲ್ಲ.

ಹರಿಹರಪುರದವ

ಸರಣಿ ಇಬ್ಬರದೂ. ನಿಮಗೆ ಬೇಕಾದಾಗ ಒಬ್ಬರನ್ನು ಹೊರಗಿಡುವ ಹಾಗಿಲ್ಲ.

ಕಾಫಿಬೀಜ

ಹಳೆಯ ಸೀಸನ್‌ಗಳಲ್ಲಿ ಕೂಪರ್‌ನನ್ನು ಮೆಚ್ಚಿದ್ದ ಹುಡುಗಿ ಆಡ್ರಿಯ ಬಗ್ಗೆ ಯಾರಾದರೂ ಮಾತಾಡಿ. ನನಗೆ ಕೂಪರ್‌ಗಿಂತ ಅವಳದೇ ಚಿಂತೆ. ಹನ್ನೆರಡನೆಯ ಕಂತಿನವರೆಗೆ ಪತ್ತೆಯಿಲ್ಲ, ಬಂದ ಮೇಲೆ ಆ ಗಂಡನ ಜೊತೆ ಒಂದೇ ಕೋಣೆಯಲ್ಲಿ ಜಗಳ, ಹದಿನಾರನೆಯದರಲ್ಲಿ ಅವಳದೇ ಹಳೆಯ ಸಂಗೀತಕ್ಕೆ ನೃತ್ಯ, ಇದ್ದಕ್ಕಿದ್ದಂತೆ ಬಿಳಿ ಕೋಣೆ, ಕನ್ನಡಿ. ಆಮೇಲೆ ಏನೂ ಇಲ್ಲ. ಆಸ್ಪತ್ರೆಯೋ, ಕೋಮಾವೋ, ಕಪ್ಪು ಲೋಕವೋ?

ಮಳೆಯೂರು

ನನ್ನ ಮತ ಆಸ್ಪತ್ರೆಗೆ. 1991ರ ಕೊನೆಯ ಕಂತಿನಲ್ಲಿ ಬ್ಯಾಂಕ್ ಸ್ಫೋಟವಾದಾಗ ಅವಳು ಒಳಗಿದ್ದಳು. ಕೋಮಾದಲ್ಲಿದ್ದಳೆಂದೂ ಕೂಪರ್ ರೂಪದವನು ಅವಳ ಕೋಣೆಗೆ ಹೋಗಿದ್ದನೆಂದೂ ಡಾಕ್ಟರ್ ಹೇವರ್ಡ್ ಹೇಳುತ್ತಾರೆ. ಬಿಲ್ಲಿ, ಟೀನಾ ಎಂದು ಊರಿನ ರೋಡ್‌ಹೌಸ್ ಎಂಬ ಬಾರಿನಲ್ಲಿ ಯಾರು ಯಾರೋ ಆಡುವ ಅರ್ಧಂಬರ್ಧ ಹರಟೆಯೆಲ್ಲ ಅವಳ ತಲೆಯೊಳಗಿನದೇ ಇರಬೇಕು. ಆ ಹರಟೆಗೆ ಬೇರೆ ಯಾವ ಕಥೆಯ ಜೊತೆಗೂ ನಂಟಿಲ್ಲ.

ಸಂಕಲನಮೇಜು

ಅಥವಾ ಬರೆದ ದೃಶ್ಯಗಳು ಕಡಿಮೆಯಾದವು, ಇದ್ದದ್ದರಲ್ಲಿ ಹೊಂದಿಸಿದರು. ನಮ್ಮ ಕೆಲಸದಲ್ಲಿ ಈ ಸಾಧ್ಯತೆಯನ್ನು ಎಂದೂ ತಳ್ಳಿಹಾಕಬಾರದು.

ಕಾಫಿಬೀಜ

ನಿಮ್ಮಿಂದ ಒಂದು ಕನಸನ್ನೂ ಉಳಿಸಿಕೊಳ್ಳಲು ಸಾಧ್ಯವಿಲ್ಲ.

ಪ್ರಶ್ನಾರ್ಥಕ

ಎಲ್ಲರಿಗೂ ಒಂದು ಪ್ರಶ್ನೆ. ಕ್ಯಾರಿಯ ಮನೆಯ ಹಜಾರದಲ್ಲಿ ಒಬ್ಬ ಸತ್ತು ಕುಳಿತಿದ್ದಾನೆ, ಹಣೆಯಲ್ಲಿ ಗುಂಡು. ಎಫ್‌ಬಿಐ ಅಧಿಕಾರಿ ಅದನ್ನು ನೋಡುತ್ತಾನೆ, ಅಲ್ಲೇ ಇರುವ ಬಿಳಿ ಕುದುರೆಯ ಬೊಂಬೆಯನ್ನೂ ನೋಡುತ್ತಾನೆ, ಏನೂ ಕೇಳದೆ ಅವಳನ್ನು ಕಾರಿಗೆ ಹತ್ತಿಸುತ್ತಾನೆ. ಲಾರಾಳ ಒಂದು ಶವಕ್ಕಾಗಿ ಊರಿಗೆ ಊರನ್ನೇ ಜಾಲಾಡಿದವನು ಈ ಶವದ ಹೆಸರನ್ನೂ ಕೇಳಲಿಲ್ಲ. ನಿಮ್ಮ ಹತ್ತು ಸಿದ್ಧಾಂತಗಳಲ್ಲಿ ಯಾವುದಾದರೂ ಇದಕ್ಕೆ ಉತ್ತರ ಕೊಡುತ್ತದೆಯೇ?

ಕೆಂಪುಪರದೆ

ಅದು ಬೋನಿನ ಲೋಕ, ಅಲ್ಲಿನ ಶವ ನಿಜವಲ್ಲವೆಂದು ಅವನಿಗೆ ಗೊತ್ತು.

ಅರ್ಧಚಂದ್ರ

ಅವನಿಗೆ ಲಾರಾಳನ್ನು ಉಳಿಸುವುದಷ್ಟೇ ಬೇಕು. ಕ್ಯಾರಿ ಯಾರು, ಏನು ಅನುಭವಿಸಿದ್ದಾಳೆ, ಆ ಮನುಷ್ಯ ಅವಳಿಗೇನು ಮಾಡಿದ್ದ ಎಂಬುದು ಬೇಡ. ಕೆಂಪುಪರದೆ ಅವರೇ, ನೀವು ಈಗ ಬರೆದ ಉತ್ತರವನ್ನೇ ಅವನೂ ಕೊಡುತ್ತಿದ್ದ.

ಒಂದೇಸಾಲು

ಅಯ್ಯೋ, ಪೆಟ್ಟು.

ಬೆಣ್ಣೆದೋಸೆ

ಆ ಸತ್ತವನ ಹೊಟ್ಟೆ ಉಬ್ಬಿದ್ದನ್ನು ಯಾರಾದರೂ ಗಮನಿಸಿದ್ದೀರಾ? ಬಾಬ್‌ನ ಗೋಳ ಹೊರಬಂದದ್ದು ದುಷ್ಟ ಕೂಪರ್‌ನ ಹೊಟ್ಟೆಯಿಂದ. ನನ್ನ ಬಳಿ ಎರಡೂ ದೃಶ್ಯಗಳ ಚಿತ್ರಗಳಿವೆ, ರಾತ್ರಿ ಹಾಕುತ್ತೇನೆ.

ಪ್ರಶ್ನಾರ್ಥಕ

ಹಾಕಬೇಡಿ. ಊಟದ ಹೊತ್ತು.